ಶೇವಂತೆವ್ವನ ಕರಿಪುಡಿ

ಕನ್ನೊಳ್ಳಿಯ ಗಂಡಸರಿಗೆ ಶೇವಂತೆವ್ವನ ಎದುರಿಗೆ ತಂಬಾಕು ತಿಕ್ಕುವ ಧೈರ್ಯ ಇಲ್ಲ. ಅಂಗೈಯಲ್ಲಿ ಸುಣ್ಣ ಹಚ್ಚಿ ಹೆಬ್ಬೆರಳಿನಿಂದ ಉಜ್ಜುತ್ತ ಕಟ್ಟೆಯ ಮೇಲೆ ಕುಳಿತವರು, ಓಣಿಯ ತಿರುವಿನಲ್ಲಿ ಅವಳ ದನಿ ಕೇಳಿದರೆ ಸಾಕು, ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಏನೂ ಅರಿಯದ ಸಾಧುಗಳ ಮುಖ ಮಾಡುತ್ತಾರೆ. ನಗಬೇಡಿ, ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ. ಕುರಿ ಹಿಂಡನ್ನು ಒಂದೇ ಕೂಗಿಗೆ ತಿರುಗಿಸುವ ಮನೆತನದಲ್ಲಿ ಹುಟ್ಟಿದವಳು ಅವಳು. ಗಂಡಸರನ್ನು ತಿರುಗಿಸುವುದು ಅವಳಿಗೇನು ಮಹಾ!

ಮೊದಲಿನಿಂದ ಹೀಗಿದ್ದವಳಲ್ಲ. ಗಂಡ ಬೀರಣ್ಣನ ಅಣ್ಣ ಬಾಯಿಯ ಕ್ಯಾನ್ಸರಿನಿಂದ ಸತ್ತ ಮೇಲೆ ಹೀಗಾದಳು. ಸತ್ತದ್ದೂ ಒಮ್ಮೆಲೇ ಅಲ್ಲ. ಮೊದಲು ಖಾರ ಬಿಟ್ಟ, ಆಮೇಲೆ ರೊಟ್ಟಿ ಬಿಟ್ಟ, ಆಮೇಲೆ ಮಾತು ಬಿಟ್ಟ. ಕೊನೆಗೆ ಮೂಗಿನ ನಳಿಗೆಯಿಂದ ಅಂಬಲಿ ಹಾಕಬೇಕಾಯಿತು. ಹಾಕಿದವಳು ಶೇವಂತೆವ್ವ. ಭಾವನನ್ನು ಮಣ್ಣು ಮಾಡಿ ಬಂದ ದಿನ ಅವಳು ಗಂಡನ ಸೊಂಟದಿಂದ ಎಲೆ, ಅಡಿಕೆ, ತಂಬಾಕಿನ ಚಂಚಿಯನ್ನು ಕಿತ್ತು ನೇರ ಒಲೆಗೆ ಹಾಕಿದಳು.

“ಏನ ಹೆಂಗಸಲೇ ನೀನು! ಒಳಗ ಹಿತ್ತಾಳಿ ಸುಣ್ಣದ ಡಬ್ಬಿ ಇತ್ತು!” ಎಂದು ಬೀರಣ್ಣ ಬೊಬ್ಬೆ ಹೊಡೆದ.

“ಡಬ್ಬಿ ಹೋದ್ರ ಹೋಗಲಿ. ನಿನ್ನ ಮೂಗಿಗೂ ನಳಿಗಿ ಹಾಕಾಕ ನನ್ನಿಂದ ಆಗಂಗಿಲ್ಲ,” ಎಂದು ಅವಳು ಅಲ್ಲೇ ಒಲೆಯ ಮುಂದೆ ಕುಳಿತು ಅತ್ತುಬಿಟ್ಟಳು. ಬೀರಣ್ಣ ಮತ್ತೆ ಚಂಚಿ ಕಟ್ಟಲಿಲ್ಲ. ಸುಲಭಕ್ಕೆ ಬಿಡಲಿಲ್ಲ ಬಿಡಿ; ಕುರಿಗಳ ಮೇಲೆ, ನಾಯಿಯ ಮೇಲೆ, ಹೆಂಡತಿಯ ಮೇಲೆ ಸಿಡುಕುತ್ತ ಬಹಳ ದಿನ ತಿರುಗಿದ. ಆದರೂ ಬಿಟ್ಟ.

ಅದೇ ಹೊತ್ತಿಗೆ ಊರಿನ ಆಶಾ ಕಾರ್ಯಕರ್ತೆ ಪ್ರಜ್ಞಾ ತಂಬಾಕು ಬಿಡಿಸುವ ಕೆಲಸಕ್ಕೆ ಕೈ ಹಾಕಿದ್ದಳು. ಓದಿದ ಹುಡುಗಿ, ಬುದ್ಧ ವಿಹಾರದ ಹತ್ತಿರದ ಧರ್ಮರಾಜ ಮಾಸ್ತರರ ಸೊಸೆ. ಪಾಪ, ಗೋಡೆಗೋಡೆಗೆ ಕೊಳೆತ ಗಲ್ಲದ ಚಿತ್ರ ಅಂಟಿಸಿದಳು. ಜನ ಆ ಗೋಡೆಗೇ ಒರಗಿ ಗುಟಕಾ ಹಾಕಿಕೊಂಡರು. ಶೇವಂತೆವ್ವ ಅವಳನ್ನು ಕರೆದು ಹೇಳಿದಳು:

“ಚಿತ್ರ ನೋಡಿ ಬಿಡೂ ಮಂದಿ ಅಲ್ಲ ಇದು, ತಂಗಿ. ತಾಟಿನ್ಯಾಗಿಂದ ತಗೀಬೇಕು.”

ಆ ತಾಟಿನ ಮಾತು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಈ ಸೀಮೆಯಲ್ಲಿ ಕೂಸಿನ ತೊಟ್ಟಿಲಾಗಲಿ, ನಿಶ್ಚಯವಾಗಲಿ, ಸತ್ತವರ ಮನೆಯಾಗಲಿ, ಬಂದವರ ಮುಂದೆ ಎಲೆ ಅಡಿಕೆಯ ತಾಟು ಇಡಬೇಕು. ತಾಟಿನಲ್ಲಿ ತಂಬಾಕು ಇಲ್ಲದಿದ್ದರೆ ಮರ್ಯಾದೆ ಇಲ್ಲ. ಮುರಿದುಬಿದ್ದ ಸಂಬಂಧಗಳೂ ಉಂಟು. ಆದರೆ ಗಂಡಸರು ಒಂದನ್ನು ಮರೆತಿದ್ದರು, ಆ ತಾಟು ಹೊಂದಿಸುವವರು ಒಳಗಿನ ಹೆಂಗಸರು. ಸ್ತ್ರೀಶಕ್ತಿ ಸಂಘದವರೆಲ್ಲ ಕೂಡಿ, ಯಾರ ಮನೆಯಲ್ಲಿ ಕಾರ್ಯವಾದರೂ ತಾಟು ನಾವೇ ಹೊಂದಿಸುತ್ತೇವೆ ಎಂದು ಗಟ್ಟಿ ಮಾಡಿಕೊಂಡರು. ಮೊದಲ ತಾಟು ಒಂದು ತೊಟ್ಟಿಲಿನ ಮನೆಯಲ್ಲಿ ಹೊರಗೆ ಬಂತು. ಎಲೆ ಇತ್ತು, ಅಡಿಕೆ ಇತ್ತು, ತಂಬಾಕಿನ ಜಾಗದಲ್ಲಿ ಬಡೇಸೋಪು, ಅಂದರೆ ಸೋಂಪಿನ ಕಾಳು, ಇತ್ತು. ಹಿರಿಯ ಭೀಮಶ್ಯಾ ತಾಟಿನಲ್ಲಿ ಬೆರಳಾಡಿಸಿ ಹುಡುಕಿದ.

“ಯಾಕವಾ, ತಂಬಾಕ ಮರತ್ರೇನು?”

“ಮರತಿಲ್ಲ ಕಾಕಾ. ನಮ್ಮ ಕಾಕಿ ಹಣಿಮ್ಯಾಗ ಕುಂಕಮಾ ಇನ್ನೂ ಭಾಳ ದಿನ ಇರಲಿ ಅಂತ ತಗದೇವಿ. ಬಡೇಸೋಪ ತಿನ್ರಿ,” ಎಂದಳು ಶೇವಂತೆವ್ವ.

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಭೀಮಶ್ಯಾ ಬಡೇಸೋಪು ತಿಂದ, ತಿನ್ನದೆ ಏನು ಮಾಡುತ್ತಾನೆ! ತೊಗರಿ ಕೊಯ್ಲಿನಲ್ಲಿ ಮಾತ್ರ ಗಲಾಟೆಯಾಯಿತು. ಹೊಲದವರು ಕೂಲಿಯವರಿಗೆ ತಂಬಾಕು ಕೊಡುವುದು ಇಲ್ಲಿಯ ಪದ್ಧತಿ. ಅದರ ಬದಲು ಶೇಂಗಾ ಬೆಲ್ಲ ಬಂದಾಗ ಕೂಲಿಯವರು ಕುಡುಗೋಲು ಕೆಳಗಿಟ್ಟು ಬದುವಿನ ಮೇಲೆ ಕುಳಿತುಬಿಟ್ಟರು. “ಬೆಲ್ಲ ದವಡ್ಯಾಗ ಇಟಗೊಂಡ್ರ ಕರಗಿ ಹೋಗ್ತದ, ಮುಂದ ಏನ ಮಾಡೂಣು?” ಎಂಬುದು ಅವರ ತಕರಾರು. ಇಡೀ ಹಂಗಾಮು ಅದೇ ಜಗಳ ನಡೆದು, ಕೊನೆಗೆ ಶೇಂಗಾ ಬೆಲ್ಲವೇ ಗೆದ್ದಿತು. ಅಂಗಡಿಯ ಚನ್ನಬಸಯ್ಯ ಬಾಗಿಲಿಗೆ ತೋರಣದಂತೆ ಕಟ್ಟಿದ್ದ ಗುಟಕಾ ಚೀಟಿಗಳನ್ನು ಬಿಚ್ಚಿದ. ಬಿಚ್ಚಿ ಒಳಗಿಟ್ಟುಕೊಂಡ ಅನ್ನುವುದು ಬೇರೆ ಮಾತು. ಆಮೇಲೆ ಒಂದು ಸೋಮವಾರ ಬೀರಪ್ಪನ ಗುಡಿಯಲ್ಲಿ ದೇವರ ಅರಿಶಿನ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದರು. ಆಣೆಯ ಮಾತು ಪ್ರಜ್ಞಾಳದು, ಕೂಗಿ ಹೇಳಿಸಿದವಳು ಶೇವಂತೆವ್ವ: “ತಂಬಾಕ ತಿನ್ನಂಗಿಲ್ಲ, ಬೀಡಿ ಸೇದಂಗಿಲ್ಲ, ಗುಟಕಾ ಹಾಕಂಗಿಲ್ಲ!”

ಇಷ್ಟೆಲ್ಲ ಮಾಡಿದ ಶೇವಂತೆವ್ವ ದಿನಾ ಮುಂಜಾನೆ ಎದ್ದು ಮಿಸರಿ ತಿಕ್ಕುತ್ತಿದ್ದಳು.

ಮಿಸರಿ ಎಂದರೆ ಹಲ್ಲಿಗೆ ಹಚ್ಚುವ ಕರಿಪುಡಿ. ಕಡ್ಡಿ ತಂಬಾಕನ್ನು ಹಂಚಿನ ಮೇಲೆ ಕರ್ರಗಾಗುವ ತನಕ ಹುರಿದು, ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ, ಡಬ್ಬಿಯಲ್ಲಿ ತುಂಬಿಡುತ್ತಾರೆ. ತೋರುಬೆರಳಿಗೆ ಹಚ್ಚಿಕೊಂಡು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹಲ್ಲು, ಒಸಡು ತಿಕ್ಕುತ್ತ ಓಣಿಯ ಸುದ್ದಿಯೆಲ್ಲ ಮುಗಿಸುತ್ತಾರೆ. ಮುಂಜಾನೆ ಒಮ್ಮೆ, ಊಟವಾದ ಮೇಲೆ ಒಮ್ಮೆ, ಬೇಸರವಾದಾಗ ಒಮ್ಮೆ. ಹಲ್ಲುನೋವಿಗೆ ಅದೇ ಔಷಧ, ಬಸುರಿಯ ಓಕರಿಕೆಗೂ ಅದೇ. ಅದನ್ನು ತಂಬಾಕು ಎಂದು ಯಾರೂ ಕರೆಯುವುದಿಲ್ಲ. ಅಂದು ಭಂಡಾರ ಮುಟ್ಟಿದ ಹೆಂಗಸರಲ್ಲಿ ಕರಿ ಒಸಡಿನವರೇ ಬಹಳ, ಆದರೆ ಒಬ್ಬಳ ಮನಸ್ಸಿನಲ್ಲೂ ಕಳ್ಳತನ ಇರಲಿಲ್ಲ. ತಿನ್ನುವುದಿಲ್ಲ ಎಂದರು, ತಿನ್ನುತ್ತಿರಲಿಲ್ಲ. ಹಲ್ಲು ತಿಕ್ಕದೆ ಇರಲಿಕ್ಕಾಗುತ್ತದೆಯೇ?

ಬೀರಣ್ಣ ಮಾತ್ರ ಆಗಾಗ ಚುಚ್ಚುತ್ತಿದ್ದ. “ನಾ ದವಡ್ಯಾಗ ಇಟಗೊಂಡ್ರ ವಿಷ, ನೀ ಒಸಡಿಗಿ ಹಚಗೊಂಡ್ರ ಅಮೃತ ಏನಲೇ?”

“ತಿನ್ನೂದು ಬ್ಯಾರೆ, ತಿಕ್ಕೂದು ಬ್ಯಾರೆ. ನಿನಗೇನ ತಿಳೀತದ, ಕುರಿ ಬಿಡ ಹೋಗು,” ಎಂದು ಅವಳು ಅವನ ಬಾಯಿ ಮುಚ್ಚಿಸುತ್ತಿದ್ದಳು.

ಅವಳಿಗೆ ಒಬ್ಬಳೇ ಮಗಳು, ರೇಣುಕಾ. ನಿಡಗುಂದಿಗೆ ಕೊಟ್ಟಿದ್ದರು. ಅಳಿಯ ಸಿದ್ಧರಾಮ ನೀರಾವರಿ ಹೊಲದವನು, ಒಳ್ಳೆಯ ಹುಡುಗ. ಚೊಚ್ಚಲ ಬಸುರಿನಲ್ಲಿ ರೇಣುಕಾಳ ಕೂಸು ಎಂಟನೆಯ ತಿಂಗಳಲ್ಲಿ ಹೊಟ್ಟೆಯಲ್ಲೇ ತೀರಿಹೋಯಿತು. ಆಗ ಅವಳ ಅತ್ತೆ ಮಾಳವ್ವ ಒಂದು ಮಾತು ಅಂದಳು. ಕೆಟ್ಟ ಹೆಂಗಸೇನಲ್ಲ ಮಾಳವ್ವ. ಚಹಾ ಬಿಟ್ಟರೆ ಇನ್ನೊಂದು ಚಟ ತಿಳಿಯದವಳು, ಸೊಸೆಗೆ ಭಾರ ಎತ್ತಲು ಬಿಟ್ಟವಳಲ್ಲ. ಆದರೆ ದುಃಖದಲ್ಲಿ ಬಾಯಿ ಜಾರಿ, “ನಮ್ಮ ಮನೆತನದಾಗ ಇಂಥಾದ್ದು ಯಾವತ್ತೂ ಆಗಿದ್ದಿಲ್ಲ,” ಎಂದುಬಿಟ್ಟಳು. ಆ ಮಾತು ರೇಣುಕಾಳನ್ನು ತಿಂದುಹಾಕಿತು. ನಗುನಗುತ್ತ ಇದ್ದ ಹುಡುಗಿ ತನ್ನ ಹೊಟ್ಟೆಯನ್ನೇ ವೈರಿಯ ಹಾಗೆ ನೋಡಿಕೊಳ್ಳತೊಡಗಿದಳು.

ಈಗ ಮತ್ತೆ ಬಸುರಾಗಿದ್ದಳು. ಏಳನೆಯ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ ತವರಿಗೆ ಕರೆತಂದ ದಿನದಿಂದ ಶೇವಂತೆವ್ವನ ಜೀವ ಕೈಯಲ್ಲಿತ್ತು. ಮಗಳು ಕೊಡ ಮುಟ್ಟಿದರೆ ಓಡಿ ಬರುವಳು, ಕೆಮ್ಮಿದರೆ ಎದ್ದು ನಿಲ್ಲುವಳು, ಸುಮ್ಮನೆ ಕುಳಿತರೆ “ಯಾಕ, ಕೂಸು ಆಡವಲ್ದೇನು?” ಎಂದು ಹೊಟ್ಟೆಯ ಮೇಲೆ ಕೈಯಿಡುವಳು. ಒಳಗಿನಿಂದ ಒಂದು ಒದೆತ ಬಂದರೆ ಅವಳಿಗೆ ಉಸಿರು ಬರುತ್ತಿತ್ತು.

ರೇಣುಕಾಳಿಗೆ ಟೂತ್‌ಪೇಸ್ಟಿನ ವಾಸನೆ ಬಂದರೆ ಓಕರಿಕೆ. “ಯವ್ವಾ, ಮಿಸರಿ ಕೊಡು, ಅದನ್ನ ಹಚಗೊಂಡ್ರ ಹೊಟ್ಟಿ ತೊಳಸೂದು ನಿಲ್ತದ,” ಎನ್ನುವಳು. ತವರಿಗೆ ಬಂದ ಬಸುರಿ ಬಾಯಿ ಬಿಟ್ಟು ಕೇಳಿದ್ದನ್ನು ಇಲ್ಲ ಅನ್ನುವ ತಾಯಿ ಎಲ್ಲಿದ್ದಾಳೆ? ಶೇವಂತೆವ್ವ ಚನ್ನಬಸಯ್ಯನಲ್ಲಿ ಒಳ್ಳೆಯ ಕಡ್ಡಿ ಆರಿಸಿ ತಂದು, ಹೊಗೆ ಮಗಳಿಗೆ ತಾಗದಿರಲೆಂದು ಹಿತ್ತಲಲ್ಲಿ ಒಲೆ ಹೂಡಿ ಹುರಿದಳು. ಹಾಗೆ ನೋಡಿದರೆ ರೇಣುಕಾ ನಿಡಗುಂದಿಯಲ್ಲಿದ್ದಾಗಲೂ ಅವಳಿಗೆ ಮಿಸರಿ ಕಡಿಮೆಯಾಗಲು ತಾಯಿ ಬಿಟ್ಟಿರಲಿಲ್ಲ. ಆ ಕಡೆ ಯಾರು ಹೊರಟರೂ ಅವರ ಕೈಯಲ್ಲಿ ಒಂದು ಡಬ್ಬಿ ಕಳಿಸುವಳು.

ಹೊಟ್ಟೆ ಮಾತ್ರ ಬೆಳೆಯಲೊಲ್ಲದು. ನೋಡಲು ಬಂದ ಹೆಂಗಸರು ಕಣ್ಣಲ್ಲೇ ಅಳೆದು, “ಸಣ್ಣ ಹೊಟ್ಟಿ, ಗಂಡ ಕೂಸ ಇರಬೇಕಳ,” ಎಂದು ಹಾರಿಸಿ ಮಾತಾಡಿ ಹೋಗುತ್ತಿದ್ದರು. ಅವರು ಹಾರಿಸುತ್ತಿದ್ದಾರೆಂದು ಶೇವಂತೆವ್ವನಿಗೆ ತಿಳಿಯುತ್ತಿತ್ತು. ಸಿಂದಗಿಯ ದವಾಖಾನೆಗೆ ಕರೆದೊಯ್ದಳು. ಡಾಕ್ಟರ್ ಮೇಡಂ ಟೇಪು ಹಿಡಿದು ಹೊಟ್ಟೆ ಅಳೆದರು, ಸ್ಕ್ಯಾನಿಂಗ್ ನೋಡಿದರು, ಹುಬ್ಬು ಗಂಟಿಕ್ಕಿದರು.

“ಕೂಸಿನ ತೂಕ ಕಡಿಮಿ ಐತಿ. ಬೆಳೀಬೇಕಾದಷ್ಟು ಬೆಳದಿಲ್ಲ. ಊಟ ಬರೊಬ್ಬರಿ ಮಾಡ್ತಾಳೇನು? ತಂಬಾಕ, ಗುಟಕಾ ಏನರೆ ಚಟ ಐತೇನು?”

ಇದಕ್ಕೆ ಉತ್ತರ ಕೊಡುವಾಗ ಶೇವಂತೆವ್ವ ಎದೆ ಸೆಟೆಸಿ ನಿಂತಳು. “ತಂಬಾಕ ನಮ್ಮ ಹೊಸ್ತಲಾ ದಾಟಂಗಿಲ್ರಿ ಮೇಡಂ. ಇಡೀ ಊರಿಗಿ ಬಿಡಿಸಿದಾಕಿನಽ ನಾನು!”

“ಭಾಳ ಚೊಲೊ ಮಾಡೀರಿ,” ಎಂದು ಮೇಡಂ ನಕ್ಕು, ರಕ್ತದ ಗುಳಿಗೆ ಬರೆದುಕೊಟ್ಟು, ಮೊಟ್ಟೆ ಹಾಲು ತಿನ್ನಿಸಿರಿ, ಒದೆತ ಕಡಿಮೆಯಾದರೆ ತಡಮಾಡದೆ ಬನ್ನಿರಿ ಎಂದು ಕಳಿಸಿದರು. ಬಸ್ಸಿನಲ್ಲಿ ರೇಣುಕಾ ಕಿಟಕಿಗೆ ಕುಳಿತಳು. ಊರು ಬರುವ ಹೊತ್ತಿಗೆ ಮೆಲ್ಲಗೆ, “ಯವ್ವಾ, ಈ ಸಲಾನೂ ಹಾಂಗಽ ಆದ್ರ ನಾ ನಿಡಗುಂದಿಗಿ ಹೊಳ್ಳಿ ಹೋಗಂಗಿಲ್ಲ,” ಎಂದಳು. ಶೇವಂತೆವ್ವ ತನ್ನ ಸೆರಗನ್ನು ಮಗಳ ಹೊಟ್ಟೆಯ ಮೇಲೆ ಹೊದಿಸಿದಳು.

ಮುಂದಿನ ವಾರ ಒಂದು ಸಂಜೆ ಪ್ರಜ್ಞಾ ಹೆಗಲಿಗೆ ಚೀಲ ಹಾಕಿಕೊಂಡೇ ಅವರ ಮನೆಗೆ ಬಂದಳು. ಸಿಂದಗಿಯಲ್ಲಿ ಆಶಾ ಕಾರ್ಯಕರ್ತೆಯರಿಗೆ ತರಬೇತಿ ಇತ್ತು, ಬಸ್ಸಿಳಿದವಳು ಮನೆಗೂ ಹೋಗದೆ ಬಂದಿದ್ದಳು. ನೀರು ಕೊಟ್ಟರೆ ಕುಡಿಯಲಿಲ್ಲ, ಕೂಡು ಅಂದರೆ ಕೂಡಲಿಲ್ಲ.

“ದೊಡ್ಡವ್ವಾ, ರೇಣುಕಾ ಹಲ್ಲಿಗಿ ಏನ ಹಚ್ತಾಳ್ರಿ?”

“ಮಿಸರಿ. ಯಾಕ?”

ಪ್ರಜ್ಞಾಳ ಮುಖ ಇಳಿದುಹೋಯಿತು. “ಇವತ್ತ ತರಬೇತಿ ಒಳಗ ಒಂದು ಡಬ್ಬಿ ತೋರಿಸಿ ಇದೇನು ಅಂತ ಕೇಳಿದ್ರು. ನಾವೆಲ್ಲಾರೂ ಹಲ್ಲಪುಡಿ ಅಂತ ನಕ್ಕಿವ್ರಿ. ಅದು ತಂಬಾಕಽ ಅಂತ್ರಿ ದೊಡ್ಡವ್ವಾ. ಒಸಡಿನಿಂದ ರಕ್ತಕ್ಕ ಹೋಗ್ತದ, ರಕ್ತದಿಂದ ಕೂಸಿಗಿ ಹೋಗ್ತದ. ಕೂಸು ಬೆಳ್ಯಾಂಗಿಲ್ಲ. ಒಮ್ಮೊಮ್ಮೆ...” ಮುಂದಿನದನ್ನು ಅವಳು ನುಂಗಿಕೊಂಡಳು.

“ಏನಂದಿ?” ಶೇವಂತೆವ್ವನ ದನಿ ಏರಿತು. “ನನ್ನ ಮಗಳ ಹೊಟ್ಟೀಗಿ ನಾನಽ ವಿಷಾ ಹಾಕ್ತೇನಿ ಅಂತಿಯೇನ? ನಮ್ಮವ್ವ ತಿಕ್ಕಿ ಒಂಬತ್ತ ಮಕ್ಕಳ ಹಡದಾಳ!”

“ಎಷ್ಟ ಉಳದ್ವು ದೊಡ್ಡವ್ವಾ?”

ಬೇಕೆಂದು ಚುಚ್ಚಲು ಕೇಳಿದ್ದಲ್ಲ ಅದು, ಹುಡುಗಿಯ ಬಾಯಿಂದ ಬಂದುಬಿಟ್ಟಿತು. ಉಳಿದದ್ದು ಶೇವಂತೆವ್ವ ಮತ್ತು ಅವಳ ಒಬ್ಬ ತಮ್ಮ. ಶೇವಂತೆವ್ವ ಪ್ರಜ್ಞಾಳಿಗೆ ಬಾಗಿಲು ತೋರಿಸಿದಳು.

“ನೀವೊಬ್ಬರಽ ಅಲ್ರಿ,” ಎಂದಳು ಪ್ರಜ್ಞಾ ಹೊಸ್ತಿಲಲ್ಲಿ ನಿಂತು, ಕಣ್ಣು ಒರೆಸಿಕೊಳ್ಳುತ್ತ. “ನಮ್ಮತ್ತೀಗಿ ನಾನಽ ತಂದ ಕೊಡ್ತೇನಿ. ಆಣಿ ಮಾಡಸುವಾಗ ತಿನ್ನೂದು ಅಂದೆ, ಸೇದೂದು ಅಂದೆ, ತಿಕ್ಕೂದು ಅಂತ ನನ್ನ ಬಾಯಾಗ ಬರಲಿಲ್ಲ.”

ಅವಳು ಹೋದ ಮೇಲೆ ಶೇವಂತೆವ್ವ ಒಳಗೆ ಹೊರಗೆ ತಿರುಗಾಡಿದಳು. ರೇಣುಕಾ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು, ತಾಯಿಯ ಮುಖ ನೋಡುತ್ತಿದ್ದಳು. ಬೀರಣ್ಣ ಕುರಿಗೆ ಸೊಪ್ಪು ಹಾಕುತ್ತ ಅಲ್ಲೇ ಇದ್ದ. ಅವನ ಹಳೆಯ ಚುಚ್ಚುಮಾತು ಈಗ ಬರುತ್ತದೆ ಎಂದು ಶೇವಂತೆವ್ವ ಕಾದಳು. ಅವನು ಇನ್ನೊಂದು ಹೊರೆ ಸೊಪ್ಪು ಬಿಚ್ಚಿದ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದಳು.  ಚಪ್ಪಲಿ ಮೆಟ್ಟಿ ನೇರ ಚನ್ನಬಸಯ್ಯನ ಅಂಗಡಿಗೆ ನಡೆದಳು.

“ಅಯ್ಯಾರ, ನಾ ಮಿಸರಿಗಿ ಒಯ್ಯೂ ಕಡ್ಡಿ ಏನ್ರಿ ಅದು?”

ಚನ್ನಬಸಯ್ಯ ತಕ್ಕಡಿಯಿಂದ ಮುಖ ಎತ್ತಿದ. “ಏನಂದ್ರ? ತಂಬಾಕ್ರೆವಾ.”

“ನಮ್ಮ ಮನ್ಯಾಂವ ತಿಂತಿದ್ದದ್ದು?”

“ಅದಽ. ಒಂದಽ ಚೀಲದ್ದು.” ಆಮೇಲೆ ಅವಳ ಮುಖ ನೋಡಿ, ಏನು ತಪ್ಪಾಯಿತೋ ತಿಳಿಯದೆ, “ನಿಮಗ ಗೊತ್ತಿಲ್ಲೇನ್ರಿ?” ಎಂದ.

ಗೊತ್ತಿರಲಿಲ್ಲವೇ? ತನ್ನ ಕೈಯಾರೆ ಆರಿಸಿ ತಂದದ್ದು, ತನ್ನ ಕೈಯಾರೆ ಹುರಿದದ್ದು. ಗೊತ್ತಿತ್ತು, ಆದರೂ ಗೊತ್ತಿರಲಿಲ್ಲ. ಅಂಗಡಿಯ ಮುಂದಿನ ಕಟ್ಟೆಗೆ ಬಂದಾಗ ಇನ್ನೊಂದು ವಿಚಾರ ಬಂತು. ನಿಡಗುಂದಿಗೆ ಕಳಿಸಿದ ಡಬ್ಬಿಗಳು. ಮೊದಲ ಬಸುರಿನಲ್ಲಿ, ಹುಡುಗಿಗೆ ಓಕರಿಕೆ ಜಾಸ್ತಿ ಎಂದು, ತಪ್ಪದೆ ಕಳಿಸಿದ ಡಬ್ಬಿಗಳು. ಅವಳು ಹಾದಿಯಲ್ಲೇ ಕುಳಿತುಕೊಂಡಳು. ಯಾರೋ ಬಂದು, “ಯಾಕ ಶೇವಂತವ್ವಾ, ತಲಿ ತಿರಗಾಕತ್ತೇತೇನು?” ಎಂದು ಕೇಳಿದರು. ಹೌದೆಂದಳು.

ಮನೆಯಲ್ಲಿದ್ದ ಮಿಸರಿಯನ್ನೆಲ್ಲ ಅಂದೇ ತಿಪ್ಪೆಗೆ ಸುರಿದಳು. ಮೊದಲ ಕೂಸಿನ ಮಾತನ್ನು ಮಾತ್ರ ಮಗಳಿಗೆ ಹೇಳಲು ಬಾಯಿ ಬರಲಿಲ್ಲ. ರೇಣುಕಾ ಬಿಟ್ಟಳು. ತಲೆ ಒಡೆದು ಹೋಗುತ್ತದೆ ಎಂದು ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿದಳು, ಬಡಿಸಿದ ಊಟ ತಳ್ಳಿದಳು, ಅತ್ತಳು, ತಾಯಿಯನ್ನು ಬೈದಳು. ಆದರೆ ಬೆರಳಿಗೆ ಕರಿ ಹತ್ತಿಸಲಿಲ್ಲ. ಪ್ರಜ್ಞಾ ದಿನಾ ಬಂದು ಅವಳ ಪಕ್ಕದಲ್ಲಿ ಕುಳಿತು ಏನೇನೋ ನಗೆಮಾತು ಆಡಿ ಹೋಗುತ್ತಿದ್ದಳು. ಶೇವಂತೆವ್ವ ಅವಳಿಗೆ ಚಹಾ ಮಾಡಿ ಕೊಡುತ್ತಿದ್ದಳು, ಕಣ್ಣು ಕೊಟ್ಟು ನೋಡುತ್ತಿರಲಿಲ್ಲ.

ಬಿಡಲಾಗದವಳು ಶೇವಂತೆವ್ವ. ಹೇಳಲು ನಾಚಿಕೆ, ಆದರೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ಮಿಸರಿ ಇಲ್ಲದ ಮುಂಜಾನೆ ಕೆಲಸ ಸಾಗುತ್ತಿರಲಿಲ್ಲ, ಕೂಸಿನ ಚಿಂತೆ ತಲೆಗೆ ಹತ್ತಿ ಕುಣಿಯುತ್ತಿತ್ತು. ಆ ಚಿಂತೆಯನ್ನು ತಗ್ಗಿಸುವ ಮದ್ದು ಅವಳಿಗೆ ಗೊತ್ತಿದ್ದದ್ದು ಒಂದೇ. ಅಕ್ಕಪಕ್ಕದವರ ಡಬ್ಬಿಯಿಂದ ಚಿಟಿಕೆ ಇಸಿದುಕೊಂಡು ಕುರಿದೊಡ್ಡಿಯ ಹಿಂದೆ ಹೋಗಿ ತಿಕ್ಕುವಳು, ತಿಕ್ಕುತ್ತ ಅಳುವಳು, ಬಾಯಿ ತೊಳೆದು ಬಡೇಸೋಪು ಅಗಿದು ಮಗಳ ಬಳಿ ಬರುವಳು. ಯಾವ ಗಂಡಸರನ್ನು ಬೈದು ಓಡಿಸುತ್ತಿದ್ದಳೋ ಅವರ ಸಂಕಟ ಏನೆಂದು ಅವಳಿಗೆ ಆ ದೊಡ್ಡಿಯ ಹಿಂದೆ ತಿಳಿಯಿತು.

ಒಂಬತ್ತರಲ್ಲಿ ಬಿದ್ದ ಮೇಲೆ ಒಂದು ಮಧ್ಯಾಹ್ನ, ಊಟ ಮಾಡಿ ಅಡ್ಡಾದ ರೇಣುಕಾ ಎದ್ದು ಕುಳಿತಳು. ಮುಖ ಬಿಳಚಿತ್ತು.

“ಯವ್ವಾ, ಮುಂಜಾನಿಂದ ಕೂಸು ಹೊಳ್ಳೇ ಇಲ್ಲ.”

ಶೇವಂತೆವ್ವ ಹೊಟ್ಟೆಯ ಮೇಲೆ ಕೈಯಿಟ್ಟಳು. ಈ ಕಡೆ ಇಟ್ಟಳು, ಆ ಕಡೆ ಇಟ್ಟಳು, ಕಿವಿ ಹಚ್ಚಿದಳು. ಅವಳ ಎದೆಯೇ ನಗಾರಿಯಂತೆ ಬಡಿದುಕೊಳ್ಳುತ್ತಿದ್ದಾಗ ಇನ್ನೇನು ಕೇಳಿಸಬೇಕು? ಬೀರಣ್ಣ ಓಡಿ ಪ್ರಜ್ಞಾಳನ್ನು ಕರೆತಂದ, ಪ್ರಜ್ಞಾ ಆಂಬುಲೆನ್ಸಿಗೂ ನಿಡಗುಂದಿಗೂ ಫೋನ್ ಮಾಡಿದಳು. ಸಿಂದಗಿ ಮುಟ್ಟುವ ತನಕ ಶೇವಂತೆವ್ವ ಮಗಳ ಕೈ ಹಿಡಿದು, “ಬೀರಪ್ಪಾ, ನನ್ನ ಒಯ್ಯಿ, ಅದನ್ನ ಬಿಡು,” ಎಂದು ಒಂದೇ ಮಾತು ಜಪಿಸುತ್ತಿದ್ದಳು.

ಮೇಡಂ ಹೊಟ್ಟೆಗೆ ಯಂತ್ರ ಹಿಡಿದರು. ಒಂದು ಗಳಿಗೆ ಏನೂ ಇಲ್ಲ ಅನ್ನಿಸಿತು. ಆಮೇಲೆ ಸಣ್ಣಗೆ, ಬಿಟ್ಟು ಬಿಟ್ಟು, ಕುದುರೆ ಬಳಲಿ ಓಡಿದ ಹಾಗೆ ಒಂದು ಸದ್ದು ಬಂತು. ಕೂಸು ಬದುಕಿತ್ತು, ಆದರೆ ಸೋಲುತ್ತಿತ್ತು. ಕೂಡಲೇ ಆಪರೇಶನ್ ಮಾಡಬೇಕು ಎಂದರು. ರೇಣುಕಾಳನ್ನು ಗಾಲಿಮಂಚದ ಮೇಲೆ ಹಾಕುವ ಹೊತ್ತಿಗೆ ನಿಡಗುಂದಿಯಿಂದ ಸಿದ್ಧರಾಮ ಬಾಡಿಗೆ ಗಾಡಿ ಮಾಡಿಕೊಂಡು ತಾಯಿ ಮಾಳವ್ವನ ಜೊತೆ ಬಂದು ಮುಟ್ಟಿದ. ಮೇಡಂ ಎಲ್ಲರ ಮುಂದೆ ಅವಸರದಲ್ಲಿ ಕೇಳಿದರು: “ಹಿಂದಿನ ಕೂಸು ಹೊಟ್ಟ್ಯಾಗ ಹೋಗಿತ್ತಲ್ಲ, ಆವಾಗ ಏನರೆ ಕಾರಣ ಹೇಳಿದ್ರೇನು? ಏನಿದ್ರೂ ಮುಚ್ಚಿಡಬ್ಯಾಡ್ರಿ.”

ಮಾಳವ್ವ ಸೊಸೆಯ ಕಡೆ ನೋಡಿದಳು. ರೇಣುಕಾ ಕಣ್ಣು ಮುಚ್ಚಿಕೊಂಡಳು, ಆ ಹಳೆಯ ಮಾತು ಮತ್ತೆ ಬೀಳಲಿದೆ ಎಂಬಂತೆ. ಶೇವಂತೆವ್ವನಿಗೆ ಅದನ್ನು ನೋಡಲಾಗಲಿಲ್ಲ.

“ನಾ ಸುಳ್ಳ ಹೇಳಿದ್ದೆ ಮೇಡಂ,” ಎಂದಳು. “ಬೇಕಂತ ಹೇಳಲಿಲ್ರಿ, ಆದ್ರೂ ಸುಳ್ಳಽ ಅದು. ಆಕಿ ಮಿಸರಿ ತಿಕ್ಕತಿದ್ಲು. ನಾನಽ ಕೊಡ್ತಿದ್ದೆ. ಆಕಿ ಮೊದಲನೇ ಬಸರಿದ್ದಾಗ ನಿಡಗುಂದಿಗಿ ಡಬ್ಬಿಗಟ್ಟಲೆ ಕಳಿಸೀನಿ.” ಆಮೇಲೆ ಬೀಗತಿಯ ಕಡೆ ತಿರುಗಿ, “ಮಾಳವ್ವಾರ, ಏನರೆ ಅನ್ನೂದಿದ್ರ ನನಗ ಅನ್ರಿ. ಆ ಹುಡಗೀದೇನೂ ತಪ್ಪಿಲ್ಲ,” ಎಂದಳು.

“ಆವಾಗ ಅದರಿಂದಽ ಹೋತು ಅಂತ ಈಗ ಯಾರೂ ಹೇಳಾಕ ಆಗಂಗಿಲ್ಲ,” ಎಂದರು ಮೇಡಂ. ಅಲ್ಲ ಎಂದೂ ಹೇಳಲಿಲ್ಲ. ರೇಣುಕಾ ಕಣ್ಣು ತೆರೆದು ತಾಯಿಯನ್ನು ಒಮ್ಮೆ ನೋಡಿದಳು, ನೋಡಿ ಮುಖವನ್ನು ಗೋಡೆಯ ಕಡೆಗೆ ಹೊರಳಿಸಿಕೊಂಡಳು. ಗಾಲಿಮಂಚ ಒಳಗೆ ಹೋಯಿತು, ಬಾಗಿಲು ಹಾಕಿಕೊಂಡಿತು.

ಹೊರಗೆ ಮಾಳವ್ವ ಬೆಂಚಿನ ಮೇಲೆ ಕುಳಿತಳು. ಬಯ್ಯುತ್ತಾಳೆ ಎಂದು ಶೇವಂತೆವ್ವ ತಲೆ ತಗ್ಗಿಸಿ ನಿಂತಿದ್ದಳು. ಮಾಳವ್ವ ಅಂದದ್ದು ಇಷ್ಟು: “ಹಂಗಾರ ನಾ ಆ ಹುಡಗೀಗಿ ಅಂಥಾ ಮಾತ ಅಂದ್ನಲ್ಲವ್ವಾ...” ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಇಬ್ಬರಿಗೂ ಒಬ್ಬರನ್ನೊಬ್ಬರು ಸಮಾಧಾನ ಮಾಡುವ ಮುಖ ಇರಲಿಲ್ಲ.

ಹೆಣ್ಣು ಕೂಸು. ಅತ್ತಿತು, ಆದರೆ ಆ ಅಳು ಬೆಕ್ಕಿನ ಮರಿಯದಕ್ಕಿಂತ ಸಣ್ಣದು. ಬೀರಣ್ಣ ಅದನ್ನು ಗಾಜಿನಾಚೆಯಿಂದ ನೋಡಿ, ಹುಟ್ಟಿದ ಕುರಿಮರಿಗಳನ್ನು ಕಂಬಳಿಯಲ್ಲಿ ಸುತ್ತಿ ಬದುಕಿಸಿದ ಆ ಮನುಷ್ಯ, “ಇಷ್ಟಽ ಐತಲ್ಲಲೇ,” ಎಂದು ಹೊರಗೆ ಹೋಗಿಬಿಟ್ಟ. ಕಾಯ್ದು ನೋಡಬೇಕು ಎಂದರು ಮೇಡಂ. ಕಾಯ್ದು ನೋಡುವುದು ಎಂದರೇನು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಮರುದಿನ ಬೆಳಗಾಗುತ್ತಲೇ ದವಾಖಾನೆಯ ಹಿಂದಿನ ನಳದ ಹತ್ತಿರ ರೋಗಿಗಳ ಕಡೆಯ ಹೆಂಗಸರೆಲ್ಲ ಬಾಯಿ ತೊಳೆಯುತ್ತಿದ್ದರು. ಇಂಡಿ ಕಡೆಯ ಒಬ್ಬ ಮುದುಕಿ ಕನಿಕರದಿಂದ, “ತಗೊಳವಾ, ನಿನ್ನೀದಿಂದ ಬಾಯಾಗ ನೀರ ಸೈತ ಹಾಕಿಲ್ಲ ನೀ,” ಎಂದು ತನ್ನ ಡಬ್ಬಿ ಚಾಚಿದಳು. ಶೇವಂತೆವ್ವನ ಬೆರಳು ಹೋಗಿ ಮುಟ್ಟಿ ಬಂದಿತ್ತು. ತಿಕ್ಕಿ ಮುಗಿದ ಮೇಲೆ ಅವಳಿಗೆ ಎಚ್ಚರವಾಯಿತು. ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು.

ವಾರ್ಡಿಗೆ ಬಂದಾಗ ಸಿಸ್ಟರ್ ಕೂಸನ್ನು ಎತ್ತಿಕೊಂಡು ರೇಣುಕಾಳ ಮಂಚದ ಹತ್ತಿರ ನಿಂತಿದ್ದಳು. “ಇದಕ್ಕ ಮೈಕಾವು ಸಾಲವಲ್ದು. ಯಾರರೆ ಒಬ್ರು ಬರೀ ಎದಿಗಿ ಹಚ್ಚಿ ಹೊಚಗೊಂಡು ಕೂಡಬೇಕು. ತಾಯಿಗಿ ಹೊಲಿಗಿ ಐತಿ, ಇನ್ನೂ ಜ್ವರ ಇಳದಿಲ್ಲ. ಯಾರ ಕೂಡ್ತೀರಿ?”

“ನಾನು!” ಶೇವಂತೆವ್ವ ಮಾಳವ್ವನನ್ನು ದಾಟಿಕೊಂಡು ಮುಂದೆ ಬಂದಳು. ಕೈಗಳು ಆಗಲೇ ಚಾಚಿದ್ದವು. ರಾತ್ರಿಯೆಲ್ಲ ಅವಳು ಕೇಳಿಕೊಂಡದ್ದು ಇದನ್ನೇ, ತನ್ನ ಮೈಯ ಕಾವನ್ನಾದರೂ ಆ ಕೂಸಿಗೆ ಕೊಡುವ ಅವಕಾಶ.

“ಕೆಮ್ಮು, ಕಜ್ಜಿ ಏನರೆ ಐತೇನ್ರಿ?”

“ಇಲ್ರಿ.”

“ತಂಬಾಕ, ಮಿಸರಿ ಇಂಥಾದ್ದು?”

ಇಲ್ಲ ಎಂದರೆ ಮುಗಿದುಹೋಗುತ್ತಿತ್ತು. ಕೂಸು ಒಂದು ಗೇಣು ದೂರದಲ್ಲಿತ್ತು. ಟೊಪ್ಪಿಗೆಯೊಳಗಿನಿಂದ ಅದರ ಕಿವಿ ಕಾಣುತ್ತಿತ್ತು, ಬೆಂದ ತೊಗರಿ ಸಿಪ್ಪೆಯಷ್ಟು ತೆಳ್ಳಗೆ. ಮಂಚದ ಮೇಲೆ ರೇಣುಕಾ ಎಚ್ಚರವಾಗಿದ್ದಳು. ನಿನ್ನೆಯಿಂದ ತಾಯಿಯ ಜೊತೆ ಒಂದು ಮಾತೂ ಆಡಿರಲಿಲ್ಲ.

“ಹೌದ್ರಿ,” ಎಂದಳು ಶೇವಂತೆವ್ವ. “ಈಗಽ ತಿಕ್ಕಿ ಬಂದೇನಿ.”

ಅವಳ ಕೈಗಳು ತಾವಾಗಿಯೇ ಹಿಂದಕ್ಕೆ ಹೋದವು. ಸಿಸ್ಟರ್ ಕೂಸನ್ನು ಮಾಳವ್ವನಿಗೆ ಕೊಟ್ಟಳು. ಮಾಳವ್ವ ಕುಬಸ ಸಡಿಲಿಸಿ, ಆ ಚೂರು ಜೀವವನ್ನು ಎದೆಗೆ ಹಚ್ಚಿ, ಮೇಲೆ ಸೆರಗು ಹೊದ್ದು ಕುಳಿತಳು. ಶೇವಂತೆವ್ವ ಬಾಗಿಲ ಕಡೆ ತಿರುಗಿದಳು. ಅಲ್ಲಿ ನಿಲ್ಲಲು ಅವಳಿಗೆ ಸಾಧ್ಯವಿರಲಿಲ್ಲ.

“ಯವ್ವಾ.”

ರೇಣುಕಾಳ ದನಿ ಬಹಳ ಸಣ್ಣಗಿತ್ತು. ಅವಳು ಇನ್ನೂ ಕೂಸನ್ನೇ ನೋಡುತ್ತಿದ್ದಳು.

“ನಾಳೆ ಮುಂಜಾನಿ ತಿಕ್ಕಬ್ಯಾಡ. ಹಾಂಗಽ ಬಾ. ನಿನಗ ಕೊಡಾಕ ಹೇಳ್ತೇನಿ.”

“ಆತವ್ವಾ,” ಎಂದಳು ಶೇವಂತೆವ್ವ. ಇಡೀ ಊರಿನಿಂದ ಜೀವಮಾನಕ್ಕೆ ಆಗುವಷ್ಟು ಆಣೆ ಮಾಡಿಸಿದ ಹೆಂಗಸಿಗೆ ಒಂದು ಮುಂಜಾನೆ ಅಷ್ಟೊಂದು ಉದ್ದ ಕಾಣುತ್ತದೆ ಎಂದು ಅಂದೇ ತಿಳಿಯಿತು. ಅವಳು ಮಂಚದ ಕಾಲ ಬಳಿ ನೆಲದ ಮೇಲೆ ಕುಳಿತು, ಕರಿಗಟ್ಟಿದ ಆ ತೋರುಬೆರಳನ್ನು ಮುಷ್ಟಿಯೊಳಗೆ ಬಿಗಿಹಿಡಿದುಕೊಂಡಳು.